ಸಾಲದ ಜೊತೆ ಅಂಟಿಸಿದ ಇನ್ಶೂರೆನ್ಸ್: ಬ್ಯಾಂಕ್ ದೂರು ತಳ್ಳಿಹಾಕಿದರೆ ಮುಂದೇನು?

ಪ್ರಶ್ನೆ: ಸರ್, ನಮಸ್ಕಾರ. ನಾನು ಹರಿಹರದ ಹತ್ತಿರ ಹಿಟ್ಟಿನ ಗಿರಣಿ ನಡೆಸುತ್ತೇನೆ. 2025ರ ಫೆಬ್ರವರಿಯಲ್ಲಿ ಮನೆ ಕಟ್ಟಲು ಬ್ಯಾಂಕಿನಲ್ಲಿ 28 ಲಕ್ಷ ರೂಪಾಯಿ ಸಾಲ ಮಾಡಿದೆ. 20 ವರ್ಷದ ಅವಧಿ, ಶೇ 9 ಬಡ್ಡಿ. ಬಿ.ಕಾಂ ಓದುವ ಮಗಳು ಮೊನ್ನೆ ಸಾಲದ ಸ್ಟೇಟ್‌ಮೆಂಟ್ ನೋಡಿ, 'ಅಪ್ಪಾ, ಸಾಲ 29.4 ಲಕ್ಷ ಅಂತಿದೆಯಲ್ಲ' ಎಂದಳು. ಬ್ಯಾಂಕಿನಲ್ಲಿ ವಿಚಾರಿಸಿದರೆ 1.4 ಲಕ್ಷ ಇನ್ಶೂರೆನ್ಸ್ ಪ್ರೀಮಿಯಂ ಎಂದರು. ಸಹಿ ಹಾಕಿದ ದಿನ 'ಇನ್ಶೂರೆನ್ಸ್ ಕಂಪಲ್ಸರಿ, ಇಲ್ಲದಿದ್ದರೆ ಸಾಲ ಪಾಸಾಗಲ್ಲ' ಎಂದು ಹೇಳಿದ್ದು ನಿಜ. ಎಷ್ಟು ದುಡ್ಡು ಅಂತ ಹೇಳಲಿಲ್ಲ. ಪಾಲಿಸಿ ಕಾಗದವೂ ಬರಲಿಲ್ಲ. ಈಗ ಕೇಳಿ ಪಡೆದ ಸರ್ಟಿಫಿಕೇಟಿನಲ್ಲಿ ವಿಮೆ 5 ವರ್ಷಕ್ಕೆ ಮಾತ್ರ ಎಂದಿದೆ. ದೂರು ಕೊಟ್ಟೆ. 'ನೀವು ಸಹಿ ಹಾಕಿದ್ದೀರಿ, ಒಟಿಪಿ ಕೊಟ್ಟಿದ್ದೀರಿ, ಫ್ರೀ ಲುಕ್ ಅವಧಿ (ಪಾಲಿಸಿ ಬೇಡವೆಂದು ವಾಪಸ್ ಮಾಡುವ ದಿನಗಳು) ಮುಗಿದಿದೆ, ಇನ್ನೇನಿದ್ದರೂ ವಿಮಾ ಕಂಪನಿಯನ್ನು ಕೇಳಿ' ಎಂದು ಉತ್ತರ ಬಂದಿದೆ. ಇಲ್ಲಿಗೆ ಮುಗಿಯಿತಾ?

ಉತ್ತರ: ಮುಗಿದಿಲ್ಲ. ನಿಜ ಹೇಳಬೇಕೆಂದರೆ ಈ ತಿರಸ್ಕಾರ ಪತ್ರ ಕೈಗೆ ಬಂದ ಮೇಲೇ ನಿಮ್ಮ ದೂರನ್ನು ಬ್ಯಾಂಕಿನ ಹೊರಗೆ ಒಯ್ಯುವ ಬಾಗಿಲು ತೆರೆಯುವುದು. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಲಕೋಟೆ ಅಥವಾ ಇಮೇಲಿನ ತಾರೀಖನ್ನೂ ಬರೆದಿಡಿ.

ನಿಮ್ಮ ಪ್ರೀಮಿಯಂ ಬರೀ 1.4 ಲಕ್ಷ ಅಲ್ಲ ಎಂಬುದನ್ನು ಮೊದಲು ನೋಡಿ. ಅದನ್ನು ಸಾಲಕ್ಕೇ ಸೇರಿಸಿದ್ದಾರೆ. ಶೇ 9ರ ಬಡ್ಡಿಗೆ 20 ವರ್ಷ ಕಟ್ಟಿದರೆ ಈ ಭಾಗಕ್ಕೇ ತಿಂಗಳಿಗೆ ಸುಮಾರು 1,260 ರೂಪಾಯಿ ಕಂತು ಬೀಳುತ್ತದೆ. 240 ಕಂತು ಮುಗಿಯುವಾಗ ನೀವು ಕೊಟ್ಟಿರುವುದು 3 ಲಕ್ಷದ ಮೇಲೆ. ಆದರೆ ವಿಮೆ ಇರುವುದು 5 ವರ್ಷ. ಮುಂದಿನ 15 ವರ್ಷ ನೀವು ಇಲ್ಲದ ವಿಮೆಗೆ ಕಂತು ಕಟ್ಟುತ್ತೀರಿ. ಈ ಲೆಕ್ಕವನ್ನು ದೂರಿನ ಮೊದಲ ಪುಟದಲ್ಲೇ ಹಾಕಿ. ಓದುವವರಿಗೆ ವಿಷಯದ ತೂಕ ಗೊತ್ತಾಗಬೇಕು.

ಈಗ ಬ್ಯಾಂಕಿನ ಉತ್ತರಕ್ಕೆ ಬರೋಣ. ಅದು ಹೇಳುವುದೆಲ್ಲ ಒಂದೇ: ನೀವು ಸಹಿ ಹಾಕಿದ್ದೀರಿ. ಹೌದು, ಹಾಕಿದ್ದೀರಿ. ಆದರೆ ನಿಮ್ಮ ದೂರು ಸಹಿಯ ಬಗ್ಗೆ ಅಲ್ಲವಲ್ಲ. ಬೇಡ ಎನ್ನುವ ಹಕ್ಕು ನಿಮಗಿದೆ ಎಂದು ಯಾರಾದರೂ ಹೇಳಿದರಾ? ಎಷ್ಟು ದುಡ್ಡು, ಎಷ್ಟು ವರ್ಷ ಎಂದು ತಿಳಿಸಿದರಾ? 20 ವರ್ಷದ ಸಾಲಕ್ಕೆ 5 ವರ್ಷದ ವಿಮೆ ನಿಮಗೆ ಹೊಂದುತ್ತದಾ ಎಂದು ನೋಡಿದರಾ? ಈ ಮೂರಕ್ಕೂ ಬ್ಯಾಂಕ್ ಉತ್ತರ ಕೊಟ್ಟಿಲ್ಲ. ತುಂಬಾ ಜನ ಎರಡನೇ ಪತ್ರದಲ್ಲಿ 'ನಾನು ಸಹಿ ಹಾಕುವಾಗ ಓದಿರಲಿಲ್ಲ' ಎಂದು ಸಹಿಯ ಸುತ್ತಲೇ ವಾದ ಮಾಡಿ ಸೋಲುತ್ತಾರೆ. ನೀವು ಆ ದಾರಿ ಹಿಡಿಯಬೇಡಿ. ಸಹಿಯನ್ನು ಒಪ್ಪಿಕೊಂಡು ಮುಂದಿನ ಪ್ರಶ್ನೆ ಕೇಳಿ.

'ಕಂಪಲ್ಸರಿ' ಎಂಬ ಮಾತನ್ನೇ ತಗೊಳ್ಳಿ. ಗೃಹ ಸಾಲಕ್ಕೆ ಜೀವ ವಿಮೆ ಮಾಡಿಸಲೇಬೇಕು ಎಂಬ ಕಾನೂನು ಇಲ್ಲ. ಅಡಮಾನ ಇಟ್ಟ ಕಟ್ಟಡಕ್ಕೆ ಬೆಂಕಿ, ಭೂಕಂಪದಂಥ ಅಪಾಯದ ವಿಮೆ ಬೇಕು ಎಂದು ಸಾಲದ ಕರಾರಿನಲ್ಲಿ ಇರುವುದುಂಟು. ಅದು ಬೇರೆ ವಿಷಯ, ಅದರ ಪ್ರೀಮಿಯಂ ಕೂಡ ಇದರ ಮುಂದೆ ತೀರಾ ಕಡಿಮೆ. ಬ್ಯಾಂಕ್ ವಿಮೆ ಮಾರಬಹುದು, ಆದರೆ ಗ್ರಾಹಕ ಅದನ್ನು ಪೂರ್ತಿ ಸ್ವಇಚ್ಛೆಯಿಂದ ತಗೊಳ್ಳಬೇಕು, ಬ್ಯಾಂಕಿನ ಸೇವೆಗೂ ವಿಮೆಗೂ ನೇರವಾಗಲಿ ಬಳಸುದಾರಿಯಲ್ಲಾಗಲಿ ಗಂಟು ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ ತನ್ನ ನಿರ್ದೇಶನದಲ್ಲೇ ಹೇಳಿದೆ. 2014ರ ಡಿಸೆಂಬರ್‌ನಲ್ಲಿ ಅದು ಹೊರಡಿಸಿದ ಗ್ರಾಹಕ ಹಕ್ಕುಗಳ ಸನ್ನದಿನಲ್ಲಿ ಐದು ಹಕ್ಕುಗಳಿವೆ. ಗ್ರಾಹಕನ ಅಗತ್ಯ ಮತ್ತು ಹಣಕಾಸಿನ ಸ್ಥಿತಿಗೆ ತಕ್ಕದ್ದನ್ನೇ ಕೊಡಬೇಕು ಎಂಬುದು ಅದರಲ್ಲಿ ಒಂದು. ನಿಮ್ಮ 5 ವರ್ಷದ ವಿಮೆಯನ್ನು ಈ ಹಕ್ಕಿನ ಪಕ್ಕದಲ್ಲಿಟ್ಟು ತೋರಿಸಿ.

ನಿಮ್ಮ ಕೈಲಿರುವ ಅತಿ ಗಟ್ಟಿ ಕಾಗದ ಯಾವುದು ಗೊತ್ತಾ? ಬಹುಶಃ ಅದನ್ನು ನೀವು ಇನ್ನೂ ಬಿಡಿಸಿ ನೋಡಿಲ್ಲ. ಅದರ ಹೆಸರು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಬಡ್ಡಿ, ಶುಲ್ಕಗಳ ಸಾರಾಂಶ ಪಟ್ಟಿ. ಬ್ಯಾಂಕಿನವರ ಬಾಯಲ್ಲಿ ಕೆಎಫ್ಎಸ್. 2024ರ ಏಪ್ರಿಲ್ 15ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಎಲ್ಲ ಚಿಲ್ಲರೆ ಸಾಲಗಳಿಗೆ ಕಡ್ಡಾಯ ಮಾಡಿತು. 2024ರ ಅಕ್ಟೋಬರ್ 1ರಿಂದ ಮಂಜೂರಾದ ಹೊಸ ಸಾಲಗಳೆಲ್ಲ ಇದರೊಳಗೆ ಬರುತ್ತವೆ. ನಿಮ್ಮದು 2025ರ ಫೆಬ್ರವರಿಯ ಸಾಲ, ಹಾಗಾಗಿ ನಿಮಗೂ ಸಲ್ಲುತ್ತದೆ. ಬ್ಯಾಂಕ್ ಬೇರೆಯವರ ಪರವಾಗಿ ವಸೂಲು ಮಾಡುವ ವಿಮೆಯ ಹಣವನ್ನೂ ಇದರಲ್ಲಿ ಬೇರೆಯಾಗಿ ತೋರಿಸಬೇಕು. ಆ ಹಣವನ್ನು ಸೇರಿಸಿಯೇ ವಾರ್ಷಿಕ ಶೇಕಡಾವಾರು ದರವನ್ನು, ಅಂದರೆ ಎಪಿಆರ್ ಅನ್ನು, ಲೆಕ್ಕ ಹಾಕಬೇಕು. ಅಂಥ ಪಾವತಿಯ ರಸೀದಿಯನ್ನೂ ಸಾಲಗಾರನಿಗೆ ಕೊಡಬೇಕು. ಕೆಎಫ್ಎಸ್‌ನಲ್ಲಿ ಇಲ್ಲದ ಯಾವ ಶುಲ್ಕವನ್ನೂ ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಮುಖ್ಯವಾಗಿ, ಆ ಕಾಗದ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅದನ್ನು ವಿವರಿಸಿ, ಅರ್ಥವಾಯಿತು ಎಂದು ಬರೆಸಿಕೊಳ್ಳಬೇಕು.

ಹಾಗಾಗಿ ನಾಳೆಯೇ ಬ್ರಾಂಚಿಗೆ ಹೋಗಿ ಕೆಎಫ್ಎಸ್ ಪ್ರತಿ ಕೇಳಿ. 1.4 ಲಕ್ಷ ಅದರಲ್ಲಿ ಇಲ್ಲದಿದ್ದರೆ ನಿಮ್ಮ ಕೇಸ್ ತುಂಬಾ ಬಲವಾಗುತ್ತದೆ. ಇದ್ದರೂ ಚಿಂತೆಯಿಲ್ಲ, ಯಾವ ಭಾಷೆಯಲ್ಲಿದೆ, ತಾರೀಖು ಯಾವುದು, ಎಪಿಆರ್ ಎಷ್ಟು ಎಂದು ನೋಡಿ. ಸಾಲದ ಬಡ್ಡಿ ಶೇ 9, ಎಪಿಆರ್ ಕೂಡ ಶೇ 9 ಎಂದಿದ್ದರೆ ವಿಮೆಯ ಹಣವನ್ನು ಲೆಕ್ಕಕ್ಕೆ ತಗೊಂಡೇ ಇಲ್ಲ ಎಂದಾಯಿತು.

ಎರಡನೇ ಕಾಗದ ವಿಮೆಯ ಪ್ರಪೋಸಲ್ ಫಾರ್ಮ್, ಅಂದರೆ ವಿಮೆಗೆ ಹಾಕಿದ ಅರ್ಜಿ. ಇದರ ಪ್ರತಿಯನ್ನು ಬ್ಯಾಂಕ್ ಮತ್ತು ವಿಮಾ ಕಂಪನಿ ಎರಡರಿಂದಲೂ ಲಿಖಿತವಾಗಿ ಕೇಳಿ. ಸರ್ಕಾರಿ ಸ್ವಾಮ್ಯದ ಬ್ಯಾಂಕ್ ಆಗಿದ್ದು ಪ್ರತಿ ಕೊಡಲು ಸತಾಯಿಸಿದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ನಿಮ್ಮದೇ ಕಡತದ ಪ್ರತಿ ಕೇಳಬಹುದು. ಖಾಸಗಿ ಬ್ಯಾಂಕಿಗೆ ಇದು ನಡೆಯುವುದಿಲ್ಲ.

ಫಾರ್ಮ್ ಬಂದ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಖಾನೆ ಓದಿ. ಸಹಿ ನಿಮ್ಮದು. ಉಳಿದ ಬರಹ ಯಾರದು? ಇಮೇಲ್ ವಿಳಾಸ ನಿಮ್ಮದೇನಾ? ಮಾರಿದವರೇ ತಮ್ಮ ಇಮೇಲನ್ನೋ ಬೇರೆ ಯಾವುದೋ ಮೊಬೈಲ್ ನಂಬರನ್ನೋ ಹಾಕಿಬಿಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆಗ ಪಾಲಿಸಿ, ಮೆಸೇಜು, ಫ್ರೀ ಲುಕ್ ಸೂಚನೆ ಎಲ್ಲ ಬೇರೆ ಕಡೆ ಹೋಗುತ್ತವೆ. ನಾಮಿನಿ ಹೆಸರು ಸರಿಯಿದೆಯಾ? ವಾರ್ಷಿಕ ಆದಾಯ ಎಷ್ಟು ಬರೆದಿದ್ದಾರೆ? ಬಿಪಿ, ಸಕ್ಕರೆ ಕಾಯಿಲೆ ಇದೆಯಾ ಎಂಬ ಪ್ರಶ್ನೆಗೆ ಯಾರು, ಏನು ಟಿಕ್ ಹಾಕಿದ್ದಾರೆ? ನಿಮಗೆ ಸಕ್ಕರೆ ಕಾಯಿಲೆ ಇದ್ದು ಅಲ್ಲಿ 'ಇಲ್ಲ' ಎಂದಿದ್ದರೆ, ಫಾರ್ಮ್ ತುಂಬುವಾಗ ನಿಮ್ಮನ್ನು ಕೇಳಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಅಷ್ಟೇ ಅಲ್ಲ, ನಾಳೆ ಕ್ಲೇಮ್ ಮಾಡಬೇಕಾಗಿ ಬಂದರೆ ಮನೆಯವರ ಕೈಗೆ ಹಣ ಸಿಗದಂತೆ ಮಾಡುವುದೂ ಅದೇ ಟಿಕ್.

ನೀವು ಕನ್ನಡದಲ್ಲಿ ಸಹಿ ಮಾಡುತ್ತೀರಾ? ಹಾಗಿದ್ದರೆ ಫಾರ್ಮಿನ ಕೊನೆಯ ಪುಟ ನೋಡಿ. ಫಾರ್ಮನ್ನು ಬೇರೆಯವರು ತುಂಬಿದಾಗ, ಅಥವಾ ಅದು ಗ್ರಾಹಕನಿಗೆ ತಿಳಿಯದ ಭಾಷೆಯಲ್ಲಿದ್ದಾಗ, 'ಇದರಲ್ಲಿರುವುದನ್ನು ಇವರಿಗೆ ಇವರ ಭಾಷೆಯಲ್ಲಿ ವಿವರಿಸಿದ್ದೇನೆ' ಎಂದು ಒಬ್ಬರು ಹೆಸರು ಬರೆದು ಸಹಿ ಹಾಕುವ ಘೋಷಣೆ ಅಲ್ಲಿರುತ್ತದೆ. ಎಷ್ಟೋ ಫಾರ್ಮುಗಳಲ್ಲಿ ಆ ಜಾಗ ಖಾಲಿ ಬಿದ್ದಿರುತ್ತದೆ. ಇಂಗ್ಲಿಷ್ ಫಾರ್ಮ್, ಕನ್ನಡ ಸಹಿ, ಖಾಲಿ ಘೋಷಣೆ. ಇವು ಮೂರೂ ಒಂದೇ ಪುಟದಲ್ಲಿ ಕಂಡರೆ ಆ ಪುಟವನ್ನು ದೂರಿನ ಮೇಲ್ಗಡೆಯೇ ಲಗತ್ತಿಸಿ. 'ಸಹಿ ಹಾಕಿದ್ದೀರಿ' ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಒಟಿಪಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಾಲದ ದಿನ ಹತ್ತಾರು ಒಟಿಪಿ ಬರುತ್ತವೆ. ವಿಮೆಯ ಒಪ್ಪಿಗೆ ಎನ್ನುವ ಒಟಿಪಿ ಎಷ್ಟು ಹೊತ್ತಿಗೆ, ಯಾವ ನಂಬರಿಗೆ, ಯಾವ ವಾಕ್ಯದ ಜೊತೆ ಬಂತು ಎಂಬ ದಾಖಲೆ ಕೊಡಿ ಎಂದು ಕೇಳಿ. ವಿಮಾ ಕಂಪನಿಯಿಂದ ಖಚಿತಪಡಿಸುವ ಕರೆ ಬಂದಿದ್ದರೆ ಅದರ ಧ್ವನಿಮುದ್ರಣವನ್ನೂ ಕೇಳಿ.

ಫ್ರೀ ಲುಕ್ ಮುಗಿದಿದೆ ಎಂಬ ವಾದ ಮೇಲ್ನೋಟಕ್ಕೆ ದೊಡ್ಡದಾಗಿ ಕಾಣುತ್ತದೆ. 2024ರ ಏಪ್ರಿಲ್‌ನಿಂದ ಜಾರಿಯಾದ ವಿಮಾ ನಿಯಂತ್ರಕ ಐಆರ್‌ಡಿಎಐ ನಿಯಮದಂತೆ ಫ್ರೀ ಲುಕ್ 30 ದಿನ. ಅದಕ್ಕೆ ಮೊದಲು ಸಾಮಾನ್ಯವಾಗಿ 15 ದಿನ ಇತ್ತು. ಆದರೆ ಈ ದಿನಗಳ ಲೆಕ್ಕ ಶುರುವಾಗುವುದು ಪಾಲಿಸಿ ದಾಖಲೆ ನಿಮ್ಮ ಕೈಸೇರಿದ ದಿನದಿಂದ, ಪ್ರೀಮಿಯಂ ಕಡಿತವಾದ ದಿನದಿಂದಲ್ಲ. ಪಾಲಿಸಿ ತಲುಪಿಸಿದ್ದಕ್ಕೆ ಪುರಾವೆ ಏನಿದೆ ಎಂದು ಕೇಳಿ: ಅಂಚೆಯ ದಾಖಲೆಯೋ, ಇಮೇಲ್ ಹೋದ ವಿಳಾಸವೋ. ಬ್ಯಾಂಕಿನ ಸಾಲಗಾರರಿಗೆ ಕೊಡುವ ಇಂಥ ವಿಮೆ ಬಹುತೇಕ ಗುಂಪು ವಿಮೆ. ಮುಖ್ಯ ಪಾಲಿಸಿ ಬ್ಯಾಂಕಿನ ಹೆಸರಲ್ಲಿ, ನಿಮಗೆ ಸಿಗುವುದು ಸರ್ಟಿಫಿಕೇಟ್ ಆಫ್ ಇನ್ಶೂರೆನ್ಸ್. ಫ್ರೀ ಲುಕ್ ಷರತ್ತನ್ನು ಅದರಲ್ಲೇ ಓದಿ. ಸರ್ಟಿಫಿಕೇಟ್ ನಿಮಗೆ ಮೊದಲ ಸಲ ಈಗ ಸಿಕ್ಕಿದ್ದರೆ, ಸಿಕ್ಕ ದಿನದಿಂದ 30 ದಿನ ದಾಟುವ ಮೊದಲೇ 'ಫ್ರೀ ಲುಕ್ ಹಕ್ಕಿನಡಿ ರದ್ದು ಮಾಡಿ' ಎಂದು ವಿಮಾ ಕಂಪನಿಗೆ ಇಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್ ಎರಡರಲ್ಲೂ ಕಳಿಸಿ. ಈ ಉತ್ತರದಲ್ಲಿ ನೀವು ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಇದೇ.

'ವಿಮಾ ಕಂಪನಿಯನ್ನು ಕೇಳಿ' ಎಂಬುದು ಬ್ಯಾಂಕ್ ಜಾರಿಕೊಳ್ಳುವ ಮಾತು. ಮಾರಿದ್ದು ಬ್ಯಾಂಕಿನ ಮೇಜಿನ ಮೇಲೆ, ಮಾರಿದ್ದಕ್ಕೆ ಕಮಿಷನ್ ಪಡೆದ ಏಜೆಂಟ್ ಕೂಡ ಬ್ಯಾಂಕೇ. ಬ್ಯಾಂಕುಗಳು ವಿಮೆಯನ್ನೋ ಮ್ಯೂಚುವಲ್ ಫಂಡನ್ನೋ ತಪ್ಪಾಗಿ ಮಾರುವುದು ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ಕೇಳಿ ತೀರ್ಮಾನಿಸುವ ಅಧಿಕಾರಿಗೆ, ದೂರು ಕೊಡಬಹುದಾದ ವಿಷಯ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಸ್ಪಷ್ಟ ಮಾಡಿದೆ.

ತಿರಸ್ಕಾರ ಪತ್ರದಲ್ಲಿ ಇನ್ನೊಂದನ್ನು ಹುಡುಕಿ. ದೊಡ್ಡ ವಾಣಿಜ್ಯ ಬ್ಯಾಂಕುಗಳಲ್ಲಿ ಇಂಟರ್ನಲ್ ಓಂಬುಡ್ಸ್‌ಮನ್ ಎಂಬ ಸ್ವತಂತ್ರ ಅಧಿಕಾರಿ ಇರುತ್ತಾರೆ. ದೂರನ್ನು ಪೂರ್ತಿಯಾಗಿಯೋ ಅರ್ಧಂಬರ್ಧವಾಗಿಯೋ ತಿರಸ್ಕರಿಸುವ ಮೊದಲು ಬ್ಯಾಂಕ್ ತಾನೇ ಅದನ್ನು ಅವರ ಮುಂದೆ ಇಡಬೇಕು. ಗ್ರಾಹಕ ಕೇಳಬೇಕಾಗಿಲ್ಲ. ನಿಮ್ಮ ಪತ್ರದಲ್ಲಿ ಅವರ ಪ್ರಸ್ತಾಪವೇ ಇಲ್ಲದಿದ್ದರೆ, ಬರೀ ಬ್ರಾಂಚ್ ಮ್ಯಾನೇಜರ್ ಸಹಿ ಇದ್ದರೆ, ಬ್ಯಾಂಕಿನ ಪ್ರಧಾನ ದೂರು ಅಧಿಕಾರಿಗೆ ನಾಲ್ಕು ಸಾಲು ಬರೆಯಿರಿ: 'ನನ್ನ ದೂರನ್ನು ಇಂಟರ್ನಲ್ ಓಂಬುಡ್ಸ್‌ಮನ್ ಪರಿಶೀಲಿಸಿದ್ದಾರೆಯೇ? ಪರಿಶೀಲಿಸಿದ್ದರೆ ಅವರ ತೀರ್ಮಾನ ತಿಳಿಸಿ.' ಕೆಲವು ಕೇಸು ಇಲ್ಲೇ ಬಗೆಹರಿಯುವುದೂ ಇದೆ.

ಮುಂದಿನ ಮೆಟ್ಟಿಲು ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್. ಸಿಎಂಎಸ್ ಎಂಬ ಅದರ ಜಾಲತಾಣದಲ್ಲಿ ದೂರು ಹಾಕಬಹುದು. ಅಂಚೆಯಲ್ಲೂ ಕಳಿಸಬಹುದು. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ. ಶುಲ್ಕ ಇಲ್ಲ. ವಕೀಲರ ಮೂಲಕ ದೂರು ಹಾಕುವಂತಿಲ್ಲ, ನೀವೇ ಹಾಕಬಹುದು. ಬ್ಯಾಂಕ್ ತಿರಸ್ಕರಿಸಿರಬೇಕು, ಇಲ್ಲವೇ ದೂರು ಕೊಟ್ಟು 30 ದಿನವಾದರೂ ಉತ್ತರ ಬಂದಿರಬಾರದು. 2021ರ ಯೋಜನೆ ಬ್ಯಾಂಕಿನ ಉತ್ತರ ಬಂದ ಮೇಲೆ ಒಂದು ವರ್ಷ ಸಮಯ ಕೊಟ್ಟಿತು. ಇಂಥ ಗಡುವು ಬದಲಾಗುವುದುಂಟು, ಅದನ್ನು ನಂಬಿ ಸುಮ್ನೆ ಕೂರಬೇಡಿ. ಒಂದು ತಿಂಗಳೊಳಗೆ ಹಾಕಿಬಿಡಿ.

ಇಲ್ಲಿ ದೂರು ಬರೆಯುವ ರೀತಿ ತುಂಬಾ ಮುಖ್ಯ. ಬ್ಯಾಂಕಿನ ವ್ಯಾವಹಾರಿಕ ತೀರ್ಮಾನದ ಬಗ್ಗೆ ಓಂಬುಡ್ಸ್‌ಮನ್ ದೂರು ತಗೊಳ್ಳುವುದಿಲ್ಲ. 'ಬಡ್ಡಿ ಜಾಸ್ತಿ ಹಾಕಿದ್ದಾರೆ, ಸಾಲ ತಡ ಮಾಡಿದರು' ಎಂದೆಲ್ಲ ಸೇರಿಸಿದರೆ ಒಳ್ಳೆಯ ದೂರೂ ಕೆಡುತ್ತದೆ. ಸಾಕ್ಷಿಗಳನ್ನು ಕರೆಸಿ ವಿಚಾರಣೆ ಮಾಡಬೇಕಾದ ವಿಷಯ ಎನಿಸಿದರೂ ಅವರು ಕೈಬಿಡಬಹುದು. ಆದ್ದರಿಂದ ಯಾರು ಏನು ಹೇಳಿದರು ಎಂಬುದಕ್ಕಿಂತ ಕಾಗದ ಏನು ಹೇಳುತ್ತದೆ ಎಂಬುದರ ಮೇಲೆ ದೂರು ನಿಲ್ಲಿಸಿ. ಹೀಗೆ ಬರೆದರೆ ಸಾಕು:

'ನನ್ನ ಗೃಹ ಸಾಲದ ಖಾತೆಗೆ 1,40,000 ರೂಪಾಯಿ ವಿಮಾ ಪ್ರೀಮಿಯಂ ಸೇರಿಸಲಾಗಿದೆ. ಪ್ರಪೋಸಲ್ ಫಾರ್ಮಿನಲ್ಲಿ ನನ್ನ ಸಹಿ ಇರುವುದನ್ನು ಒಪ್ಪುತ್ತೇನೆ. ಆದರೆ ಈ ವಿಮೆ ಐಚ್ಛಿಕ ಎಂದು ನನಗೆ ತಿಳಿಸಿದ್ದಕ್ಕೆ ಬ್ಯಾಂಕ್ ಯಾವ ದಾಖಲೆಯನ್ನೂ ಕೊಟ್ಟಿಲ್ಲ. ಸಾಲದ ಅವಧಿ 20 ವರ್ಷ, ವಿಮೆಯ ಅವಧಿ 5 ವರ್ಷ. ಫಾರ್ಮ್ ಇಂಗ್ಲಿಷ್‌ನಲ್ಲಿದೆ, ನನ್ನ ಸಹಿ ಕನ್ನಡದಲ್ಲಿದೆ, ವಿವರಿಸಿದವರ ಘೋಷಣೆ ಖಾಲಿಯಿದೆ. ಸರ್ಟಿಫಿಕೇಟ್ ನನಗೆ ಇಂಥ ದಿನದವರೆಗೆ ತಲುಪಿರಲಿಲ್ಲ. ಇದು ಸೇವಾ ನ್ಯೂನತೆ. ಪೂರ್ತಿ ಪ್ರೀಮಿಯಂ, ಅದರ ಮೇಲೆ ಸಾಲದ ದರದಲ್ಲೇ ವಸೂಲು ಮಾಡಿದ ಬಡ್ಡಿ, ಎರಡನ್ನೂ ಹಿಂದಿರುಗಿಸಿ ಕಂತನ್ನು ಮರು ಲೆಕ್ಕ ಹಾಕಬೇಕೆಂದು ಕೋರುತ್ತೇನೆ.'

ನಿಮ್ಮ ಕಾಗದಗಳಲ್ಲಿ ಇಲ್ಲದ ಸಾಲನ್ನು ತೆಗೆದುಹಾಕಿ. ಒಂದು ತಪ್ಪು ಸಾಲು ಉಳಿದ ನಾಲ್ಕು ಸರಿ ಸಾಲುಗಳ ನಂಬಿಕೆ ತಿನ್ನುತ್ತದೆ.

ಇನ್ನೊಂದು ದಾರಿ ವಿಮಾ ಓಂಬುಡ್ಸ್‌ಮನ್. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಗುಂಪು ವಿಮೆಯ ದೂರನ್ನೂ ತಗೊಳ್ಳುತ್ತಾರೆ. ಇಲ್ಲೂ ಶುಲ್ಕ ಇಲ್ಲ, ವಕೀಲರು ಬೇಡ. ಆದರೆ ಮೊದಲು ವಿಮಾ ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಕಾಯಬೇಕು, ಅಥವಾ ಅವರ ತಿರಸ್ಕಾರ ಕೈಯಲ್ಲಿರಬೇಕು. ಇವರ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ. ಒಪ್ಪದಿದ್ದರೆ ನೀವು ಬೇರೆ ಕಡೆ ಹೋಗಬಹುದು.

ಎರಡರಲ್ಲಿ ಯಾವುದು? ಕೆಎಫ್ಎಸ್‌ನಲ್ಲಿ ಪ್ರೀಮಿಯಂ ಇಲ್ಲದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಎನ್ನುತ್ತೇನೆ, ಯಾಕೆಂದರೆ ತಪ್ಪು ನೇರವಾಗಿ ಸಾಲದ ಖಾತೆಯಲ್ಲೇ ಇದೆ. ಕೆಎಫ್ಎಸ್ ಸರಿಯಿದ್ದು, ಫಾರ್ಮ್ ಮತ್ತು ಸರ್ಟಿಫಿಕೇಟಿನಲ್ಲೇ ದೋಷವಿದ್ದರೆ ವಿಮಾ ಓಂಬುಡ್ಸ್‌ಮನ್. ಒಂದೇ ದೂರನ್ನು ಒಂದೇ ಹೊತ್ತಿಗೆ ಎಲ್ಲ ಕಡೆ ಹಾಕಬೇಡಿ. ಗ್ರಾಹಕ ಆಯೋಗದಲ್ಲಿ ಕೇಸ್ ಹಾಕಿಬಿಟ್ಟರೆ ಎರಡೂ ಓಂಬುಡ್ಸ್‌ಮನ್ ಬಾಗಿಲು ಮುಚ್ಚುತ್ತವೆ, ಹಾಗಾಗಿ ಅದನ್ನು ಕೊನೆಗಿಟ್ಟುಕೊಳ್ಳಿ.

ಆದರೆ ಕೊನೆಗೆ ಎಂದು ಮರೆಯುವ ಹಾಗೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರಿಗೆ ಎರಡು ವರ್ಷದ ಮಿತಿಯಿದೆ. ನೀವು ಪ್ರೀಮಿಯಂ ಕಡಿತವಾದ 2025ರ ಫೆಬ್ರವರಿಯಿಂದಲೇ ಎಣಿಸಿಕೊಳ್ಳಿ. ಓಂಬುಡ್ಸ್‌ಮನ್ ಹತ್ತಿರ ಕಡತ ಇದ್ದಷ್ಟು ದಿನ ಈ ಲೆಕ್ಕ ನಿಂತಿರುತ್ತದೆ ಎಂದುಕೊಳ್ಳಬೇಡಿ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ದಾವಣಗೆರೆಯಲ್ಲೇ ಕೇಸ್ ಹಾಕಬಹುದು. ಬ್ಯಾಂಕ್ ಮತ್ತು ವಿಮಾ ಕಂಪನಿ ಎರಡನ್ನೂ ಎದುರುದಾರರಾಗಿ ಸೇರಿಸಬಹುದು ಎಂಬುದು ಇಲ್ಲಿನ ದೊಡ್ಡ ಅನುಕೂಲ.

ಬ್ಯಾಂಕ್ ಒಮ್ಮೆ ಇಲ್ಲ ಎಂದರೆ ಮುಗಿಯಿತು ಎಂದುಕೊಳ್ಳುವವರಿಗೆ ಬ್ರಿಟನ್ನಿನ ಪಿಪಿಐ ಪ್ರಕರಣ ಹೇಳಬೇಕು. ಸಾಲದ ಜೊತೆ ಪೇಮೆಂಟ್ ಪ್ರೊಟೆಕ್ಷನ್ ಇನ್ಶೂರೆನ್ಸ್ ಅಂಟಿಸಿದ ಅಲ್ಲಿನ ಬ್ಯಾಂಕುಗಳೂ ದೂರುಗಳನ್ನು ರಾಶಿ ರಾಶಿ ತಳ್ಳಿಹಾಕಿದ್ದವು. 2011ರಲ್ಲಿ ಹೈಕೋರ್ಟಿನಲ್ಲಿ ಬ್ಯಾಂಕುಗಳು ಸೋತವು. ದೂರು ಕೊಡಲು ಕೊನೆಯ ದಿನ 2019ರ ಆಗಸ್ಟ್ 29 ಆಗಿತ್ತು. ಅಷ್ಟರಲ್ಲಿ ಬಂದ ದೂರುಗಳಿಗೆ ಒಟ್ಟು ಸುಮಾರು 3,800 ಕೋಟಿ ಪೌಂಡ್ ವಾಪಸ್ ಕೊಡಬೇಕಾಯಿತು. ಬ್ಯಾಂಕ್ ತಿರಸ್ಕರಿಸಿದ ಮೇಲೂ ಓಂಬುಡ್ಸ್‌ಮನ್ ಹತ್ತಿರ ಹೋಗಿ ಗೆದ್ದವರ ಹಣವೂ ಅದರಲ್ಲಿದೆ.

ಎಲ್ಲರ ಕೇಸೂ ನಿಮ್ಮದರಷ್ಟು ಗಟ್ಟಿಯಿರುವುದಿಲ್ಲ ಎಂದೂ ಹೇಳಿಬಿಡುತ್ತೇನೆ. ಕನ್ನಡದ ಕೆಎಫ್ಎಸ್‌ನಲ್ಲಿ ಮೊತ್ತ ಕಾಣುತ್ತಿದ್ದು, ಕರೆಯಲ್ಲಿ 'ಹೌದು, ವಿಮೆ ಬೇಕು' ಎಂದು ಹೇಳಿದ ಧ್ವನಿ ಇದ್ದು, ಪಾಲಿಸಿ ಮನೆಗೆ ಬಂದಿದ್ದು, ನಾಲ್ಕು ವರ್ಷ ಬಿಟ್ಟು ದೂರು ಕೊಟ್ಟರೆ ಗೆಲ್ಲುವುದು ಕಷ್ಟ.

ದೂರು ನಡೆಯುವಾಗ ಎರಡು ವಿಷಯದಲ್ಲಿ ಹುಷಾರಾಗಿರಿ. ಸಿಟ್ಟಿಗೆ ಸಾಲದ ಕಂತು ನಿಲ್ಲಿಸಬೇಡಿ. ನಿಲ್ಲಿಸಿದರೆ ನಿಮ್ಮ ಸಿಬಿಲ್ ಅಂಕ ಬೀಳುತ್ತದೆ, ಬ್ಯಾಂಕಿಗೆ ನಿಮ್ಮನ್ನೇ ಸುಸ್ತಿದಾರ ಎನ್ನಲು ಅವಕಾಶ ಸಿಗುತ್ತದೆ. ಎರಡನೆಯದು, 'ಪಾಲಿಸಿ ಸರೆಂಡರ್ ಮಾಡಿ, ಇಷ್ಟು ಬರುತ್ತದೆ' ಎಂದು ಫೋನ್ ಬರಬಹುದು. ಸರೆಂಡರ್ ಮೊತ್ತ ಪೂರ್ತಿ ಪ್ರೀಮಿಯಂ ಅಲ್ಲ, ಅದರ ಒಂದು ತುಂಡು. 'ಇನ್ನು ನನ್ನದೇನೂ ತಕರಾರಿಲ್ಲ' ಎಂಬ ಸಾಲಿರುವ ಕಾಗದಕ್ಕೆ ಅವಸರದಲ್ಲಿ ಸಹಿ ಹಾಕಬೇಡಿ.

ಜೊತೆಗೆ ಮನೆಯವರನ್ನೂ ಯೋಚಿಸಿ. 28 ಲಕ್ಷದ ಸಾಲ ತಲೆ ಮೇಲಿದ್ದು, ದುಡಿಯುವವರು ನೀವೊಬ್ಬರೇ ಆದರೆ, ಜೀವ ವಿಮೆ ನಿಮಗೆ ಬೇಕೇ ಬೇಕು. ತಪ್ಪು ಇರುವುದು ಇದನ್ನು ಮಾರಿದ ರೀತಿಯಲ್ಲಿ. ಹಾಗಾಗಿ ಸಾಲದ ಅವಧಿಗೆ ಹೊಂದುವ ಒಂದು ಸಾದಾ ಟರ್ಮ್ ಪಾಲಿಸಿಗೆ ಈಗಲೇ ಅರ್ಜಿ ಹಾಕಿ. ಕಾಯಿಲೆ ಏನಿದ್ದರೂ ಮುಚ್ಚಿಡದೆ ಬರೆಯಿರಿ. ಫ್ರೀ ಲುಕ್ ಗಡುವಿನ ಪತ್ರಕ್ಕೆ ಮಾತ್ರ ಇದಕ್ಕಾಗಿ ಕಾಯಬೇಡಿ.

ಹಣ ಹಿಂದಿರುಗಿದಾಗ ಉಳಿತಾಯ ಖಾತೆಗೆ ಬರೀ 1.4 ಲಕ್ಷ ಹಾಕಿ ಕೈ ತೊಳೆದುಕೊಳ್ಳಲು ಬಿಡಬೇಡಿ. ಅಷ್ಟನ್ನು ಸಾಲದ ಅಸಲಿನಿಂದ, ಮೊದಲು ಸೇರಿಸಿದ ದಿನದಿಂದಲೇ ಕಳೆದು, ಹೊಸ ಮರುಪಾವತಿ ಪಟ್ಟಿ ಕೊಡಲು ಕೇಳಿ. ಆ ಪಟ್ಟಿಯನ್ನು ಮಗಳೇ ಒಮ್ಮೆ ಲೆಕ್ಕ ಹಾಕಿ ನೋಡಲಿ. 28 ಲಕ್ಷಕ್ಕೆ ಶೇ 9ರಂತೆ ಕಂತು ಸುಮಾರು 25,190 ರೂಪಾಯಿ ಬರಬೇಕು.